ಹೆಸರಿನ ಅಡಿಯ ನೀರು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಇಲ್ಲಿ ಹೇಳಹೊರಟಿರುವುದರಲ್ಲಿ ಒಂದಷ್ಟು ವಿವರಗಳು ತಪ್ಪಿರಬಹುದು. ಯಾವುವು ಎಂದು ಗೊತ್ತಿದ್ದರೆ ತಿದ್ದಿಯೇ ಬರೆಯುತ್ತಿದ್ದೆ. ನನ್ನ ನೆನಪು ನಮ್ಮ ಹೆಮ್ಮಾಡಿ ಮನೆಯ ಹಳೆಯ ಕಪಾಟಿನ ಹಾಗೆ. ಹುಡುಕಿದ್ದನ್ನು ಕೊಡುವುದಿಲ್ಲ, ಹುಡುಕದೇ ಇದ್ದದ್ದನ್ನು ಕಾಲ ಮೇಲೆ ಬೀಳಿಸುತ್ತದೆ. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದುವಾಗ ನಮಗೊಬ್ಬರು ಮೇಷ್ಟ್ರಿದ್ದರು. ಕಣ್ಣಾರೆ ಕಂಡೆ ಎನ್ನುವವರ ಸಾಕ್ಷಿಯನ್ನೇ ಎಲ್ಲಕ್ಕಿಂತ ಹೆಚ್ಚು ಅನುಮಾನಿಸಬೇಕು, ಏಕೆಂದರೆ ತಾವು ಸುಳ್ಳು ಹೇಳುತ್ತಿದ್ದೇವೆಂಬುದು ಅವರಿಗೇ ಗೊತ್ತಿರುವುದಿಲ್ಲ ಎಂದು ಅವರು ಹೇಳುತ್ತಿದ್ದರು. ಆ ಮಾತಿಗೆ ಹೆದರಿ ಅಂದಿನಿಂದ ದಿನಚರಿ ಬರೆಯತೊಡಗಿದೆ. ಅದರಿಂದ ದೊಡ್ಡ ಪ್ರಯೋಜನವೇನೂ ಆಗಲಿಲ್ಲ. ಈಗ ಹಳೆಯ ದಿನಚರಿ ತೆಗೆದು ಓದಿದರೆ, ಮಳೆ ಬಂತು, ಬಸ್ಸು ತಪ್ಪಿತು, ಮನಸ್ಸಿಗೆ ಬೇಸರ ಎಂದಿರುತ್ತದೆ. ಬೇಸರ ಯಾಕೆ ಎಂದು ಬರೆದಿರುವುದಿಲ್ಲ. ಮರೆಯಲು ಸಾಧ್ಯವೇ ಇಲ್ಲ ಎಂದು ಆಗ ಅನ್ನಿಸಿರಬೇಕು.

ಇಂಥ ನಾನು ಕುಂದಾಪುರ ಸೀಮೆಯಲ್ಲಿ ಸುಳ್ಳು ಸಹಿ ಹಿಡಿಯುವುದರಲ್ಲಿ ಹೆಸರುವಾಸಿ ಎಂದರೆ ನೀವು ನಗಬಹುದು. ನನಗೂ ನಗು ಬರುತ್ತದೆ. ಈ ವಿದ್ಯೆ ನನಗೆ ಬಂದದ್ದು ಹೈಸ್ಕೂಲಿನ ಪ್ರೋಗ್ರೆಸ್ ಕಾರ್ಡುಗಳಿಂದ. ಇಪ್ಪತ್ತು ಚಿಲ್ಲರೆ ವರ್ಷ ಮಕ್ಕಳ ಅಪ್ಪಂದಿರ ಸಹಿ ನೋಡುತ್ತ ಬಂದವಳಿಗೆ ಅಪ್ಪ ಹಾಕಿದ್ದು ಯಾವುದು, ಅಪ್ಪನಿಗಾಗಿ ಹಾಕಿದ್ದು ಯಾವುದು ಎಂದು ತಿಳಿಯದೇ ಇರುತ್ತದೆಯೇ? ಒಮ್ಮೆ ಎಂಟನೇ ತರಗತಿಯ ಹುಡುಗಿಯೊಬ್ಬಳು ಸೋಮವಾರ ಕೊಟ್ಟ ಕಾರ್ಡಿಗೆ ಮಂಗಳವಾರವೇ ಅಪ್ಪನ ಸಹಿ ತಂದಿದ್ದಳು. ಅವಳಪ್ಪ ಮಲ್ಪೆಯ ಬೋಟಿನಲ್ಲಿ ಆಳಸಮುದ್ರಕ್ಕೆ ಹೋಗಿ ಆರು ದಿನವಾಗಿತ್ತು, ಬರಲು ಇನ್ನೂ ನಾಲ್ಕು ದಿನವಿತ್ತು. ಕೇಳಿದರೆ, ಹೋಗುವ ಮೊದಲೇ ಹಾಕಿ ಹೋಗಿದ್ದಾರೆ ಟೀಚರ್ ಎಂದಳು. ಗಣಿತದಲ್ಲಿ ಹನ್ನೊಂದು ಬರುತ್ತದೆಂದು ಮೊದಲೇ ಗೊತ್ತಿದ್ದ ಅಪ್ಪ! ಆ ಸಹಿ ಎಷ್ಟು ಅಂದವಾಗಿತ್ತೆಂದರೆ, ಅಂದವೇ ಅದನ್ನು ಹಿಡಿದುಕೊಟ್ಟಿತು. ಬಲೆ ಎಳೆದ ಕೈ ಅಷ್ಟು ಚೆಂದ ಮಾಡಿ ಬರೆಯುವುದಿಲ್ಲ, ಅದಕ್ಕೆ ಪುರುಸೊತ್ತಿರುವುದಿಲ್ಲ. ನಿಜವಾದ ಸಹಿ ಓಡುತ್ತದೆ, ಸುಳ್ಳು ಸಹಿ ನಡೆಯುತ್ತದೆ. ಇದು ನನ್ನ ಮೊದಲ ಸೂತ್ರ.

ಪ್ರೋಗ್ರೆಸ್ ಕಾರ್ಡಿನಿಂದ ಸಂಗೀತ ವಿದ್ವಾಂಸರಿಗೆ ನನ್ನನ್ನು ಬಡ್ತಿ ಕೊಟ್ಟು ಕಳಿಸಿದವರು ಸಾಲಿಗ್ರಾಮದ ಐತಾಳರು. ಅಂಚೆ ಇಲಾಖೆಯಿಂದ ನಿವೃತ್ತರಾಗಿ ಒಂದು ಸಣ್ಣ ಸಂಗೀತಸಭೆ ನಡೆಸುತ್ತಾರೆ. ದೊಡ್ಡ ಸಂಗೀತಗಾರರ ಹಸ್ತಾಕ್ಷರ ಕೂಡಿಡುವ ಹುಚ್ಚು ಅವರಿಗೆ. ಈಗಂತೂ ಫೋನಿನಲ್ಲಿಯೇ ಕೊಳ್ಳಬಹುದಲ್ಲ, ತೀರಿಹೋದ ಕೊಳಲು ವಿದ್ವಾಂಸರೊಬ್ಬರ ಸಹಿಯಿದ್ದ ಫೋಟೋವನ್ನು ಹಾಗೆಯೇ ತರಿಸಿಕೊಂಡು, ನನಗೆ ತೋರಿಸಲೆಂದು ಶಾಲೆಗೇ ಬಂದಿದ್ದರು. ಸಹಿ ಜೆಲ್ ಪೆನ್ನಿನಲ್ಲಿತ್ತು. ಆ ವಿದ್ವಾಂಸರು ತೀರಿಕೊಂಡಾಗ ನಮ್ಮ ಅಂಗಡಿಗಳಿಗೆ ಜೆಲ್ ಪೆನ್ನು ಬಂದಿರಲಿಲ್ಲ. ಇದನ್ನು ಮೆತ್ತಗೆ ಹೇಳಿದೆ. ಐತಾಳರು ಸ್ವಲ್ಪ ಹೊತ್ತು ಫೋಟೋವನ್ನೂ ನನ್ನನ್ನೂ ನೋಡಿ, ಹಾಗಾದರೆ ಫೋಟೋವಾದರೂ ಅವರದ್ದೇ ಹೌದಾ ನೋಡಿ ಎಂದರು. ಅಲ್ಲಿಂದ ಮುಂದೆ ಈ ಕಡೆಯ ಸಂಗೀತದ ಹುಚ್ಚಿನವರೆಲ್ಲ ತಮ್ಮ ತಮ್ಮ ಪುಸ್ತಕ, ಫೋಟೋ, ಕಚೇರಿಯ ಕರಪತ್ರಗಳನ್ನು ಹಿಡಿದು ಬರತೊಡಗಿದರು. ನನ್ನ ಸೂತ್ರಗಳೂ ಬೆಳೆದವು. ಮೂರು ಫೋಟೋಗಳ ಮೇಲಿನ ಸಹಿ ಒಂದೇ ಅಚ್ಚಿನಂತಿದ್ದರೆ ಮೂರೂ ಸುಳ್ಳು. ಮನುಷ್ಯ ಒಂದೇ ಥರ ಎರಡು ಸಲ ಸಹಿ ಹಾಕಲಾರ. ಮೃದಂಗದವರು ಕಚೇರಿ ಮುಗಿದ ಕೂಡಲೇ ಹಾಕಿದ್ದೆಂದು ಹೇಳುವ ಸಹಿ ನುಣ್ಣಗಿದ್ದರೆ ಅನುಮಾನಿಸಬೇಕು; ಎರಡೂವರೆ ಗಂಟೆ ಬಾರಿಸಿದ ಬೆರಳುಗಳು ಪೆನ್ನಿನ ಮಾತು ಕೇಳುವುದಿಲ್ಲ. ಹೆದರಿದ ಕೈ ಅಕ್ಷರದ ತಿರುವಿನಲ್ಲಿ ನಿಂತು ಉಸಿರು ತೆಗೆದುಕೊಳ್ಳುತ್ತದೆ, ಅಲ್ಲೊಂದು ಶಾಯಿಯ ಚುಕ್ಕೆ ಉಳಿಯುತ್ತದೆ. ಹೀಗೆಲ್ಲ ಹೇಳುವಾಗ ನನ್ನ ದನಿ ಸ್ವಲ್ಪ ಗಂಭೀರವಾಗುತ್ತದೆಂದು, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಳ್ಳುತ್ತೇನೆಂದು ಸ್ಟಾಫ್ ರೂಮಿನಲ್ಲಿ ನಗುತ್ತಾರೆ.

ಆದರೆ ಈ ಹುಚ್ಚಿನ ಬೇರು ಸ್ಟಾಫ್ ರೂಮಿನಲ್ಲಿಲ್ಲ, ನಮ್ಮ ಮನೆಯ ನಡುಕೋಣೆಯ ಗೋಡೆಯ ಮೇಲಿದೆ. ಅಲ್ಲಿ ಒಂದು ಫ್ರೇಮು ತೂಗುತ್ತದೆ. ಅದರೊಳಗೆ ಆಟೋಗ್ರಾಫ್ ಪುಸ್ತಕದ ತಿಳಿಗುಲಾಬಿ ಬಣ್ಣದ ಒಂದು ಹಾಳೆ, ಸುತ್ತ ಕಪ್ಪು ಕಾಗದದ ಅಂಚು. ಹಾಳೆಯ ಮೇಲೆ ಎರಡು ಸಾಲು: ‘ಚೆನ್ನಾಗಿ ಹಾಡುತ್ತೀರೆಂದು ಕೇಳಿದೆ. ನಿಲ್ಲಿಸಬೇಡಿ.’ ಕೆಳಗೆ ಒಬ್ಬ ಬಹಳ ದೊಡ್ಡ ಗಾಯಕರ ಸಹಿ. ಅವರ ಹೆಸರು ಹೇಳುವುದಿಲ್ಲ. ಮುಂದೆ ಓದಿದರೆ ಯಾಕೆಂದು ತಿಳಿಯುತ್ತದೆ. ಮೈಸೂರು ಸೀಮೆಯವರು, ವಿದ್ವಾನರು ಎಂದಷ್ಟೇ ಇಟ್ಟುಕೊಳ್ಳೋಣ.

ಆ ಎರಡು ಸಾಲು ಬರೆದದ್ದು ನನ್ನ ಅಮ್ಮನಿಗೆ. ಅಮ್ಮನ ತವರು ಉಪ್ಪುಂದ, ಕಡಲಿಗೆ ಬೆನ್ನು ಹಾಕಿ ನಿಂತ ಮನೆ. ಅಜ್ಜ ಬಲೆ ಬೀಸುತ್ತಿದ್ದರು, ಅಜ್ಜಿ ಬುಟ್ಟಿ ಹೊರುತ್ತಿದ್ದರು. ಅಮ್ಮ ಕೇರಿಯ ಭಜನಾ ಮಂದಿರದಲ್ಲಿ ಹಾಡುತ್ತ ಬೆಳೆದವಳು. ಅಲ್ಲಿಯ ಶಾಲೆಗೆ ಎಲ್ಲಿಂದಲೋ ವರ್ಗವಾಗಿ ಬಂದ ಮೇಷ್ಟ್ರೊಬ್ಬರು ಅವಳ ದನಿ ಕೇಳಿ, ತಾವಿದ್ದ ನಾಲ್ಕೈದು ವರ್ಷ ಪಾಠ ಹೇಳಿಕೊಟ್ಟರು. ಮದುವೆಯಾಗಿ ಹೆಮ್ಮಾಡಿಗೆ ಬಂದ ಮೇಲೆ ಹೊಲಿಗೆ ಯಂತ್ರದ ಮುಂದೆ ಕುಳಿತು ರವಕೆ ಹೊಲಿಯುತ್ತ ಹಾಡಿಕೊಳ್ಳುತ್ತಿದ್ದಳಂತೆ. ಮೀನ್ ಹೊರುವರ ಮನಿ ಹೆಣ್ಣಿಗ್ ರಾಗ ಎಂತಕ್ ಎಂದು ಅಕ್ಕಪಕ್ಕದಲ್ಲಿ ಯಾರೋ ಅಂದರು. ಯಾರು ಎಂದು ಅಮ್ಮ ಯಾವತ್ತೂ ಹೇಳಲಿಲ್ಲ. ಹಾಡು ಬಿಟ್ಟುಬಿಡುತ್ತೇನೆಂದು ಅವಳು ತವರಿನಲ್ಲಿ ಹೇಳಿದ್ದು ಆ ದಿನಗಳಲ್ಲಿ. ಅಷ್ಟರಲ್ಲಿ ವಿದ್ವಾನರ ಕಚೇರಿ ಬ್ರಹ್ಮಾವರದಲ್ಲಿ ಎಂದು ಸುದ್ದಿ ಬಂತು. ಅಮ್ಮ ಕುಂದಾಪುರಕ್ಕೆ ಹೋಗಿ ಒಂದು ಆಟೋಗ್ರಾಫ್ ಪುಸ್ತಕ ಕೊಂಡಳು. ಅದಕ್ಕೆ ಸಹಿ ಹಾಕಿಸಿಕೊಂಡು ಬಂದವನು ಅವಳ ತಮ್ಮ, ನನ್ನ ಶೀನ ಮಾವ. ಇದು ನಮ್ಮ ಮನೆಯ ಅಧಿಕೃತ ಇತಿಹಾಸ.

ಇದರ ಜೊತೆಗೆ ನನ್ನದೇ ಒಂದು ಕಣ್ಣಾರೆ ಕಂಡ ಸಾಕ್ಷಿಯೂ ಇತ್ತು. ಆಗ ನನಗೆ ಐದು ವರ್ಷ. ನಾನು ಮಾವನ ಹೆಗಲ ಮೇಲಿದ್ದೇನೆ. ವಿದ್ವಾನರ ಕೊರಳಲ್ಲಿ ನಮ್ಮ ಹೆಮ್ಮಾಡಿಯ ಸೇವಂತಿಗೆಯ ಹಾರ. ಅವರು ಹಾರವನ್ನು ಒಂದು ಕೈಯಲ್ಲಿ ಪಕ್ಕಕ್ಕೆ ಸರಿಸಿ ಇನ್ನೊಂದು ಕೈಯಲ್ಲಿ ಬರೆಯುತ್ತಾರೆ. ಬೆರಳಲ್ಲಿ ಕೆಂಪು ಹರಳಿನ ಉಂಗುರ. ಬರೆದು ತಲೆಯೆತ್ತಿ ನನ್ನ ಕಡೆ ನೋಡಿ ಹುಬ್ಬು ಹಾರಿಸುತ್ತಾರೆ. ಈ ಕತೆಯನ್ನು ನಾನು ಎಷ್ಟು ಬ್ಯಾಚಿನ ಮಕ್ಕಳಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಪ್ರಾಥಮಿಕ ಆಕರ ಎಂದರೇನು ಎಂದು ವಿವರಿಸುವ ಪಾಠಕ್ಕೆ ನನ್ನ ಖಾಯಂ ಉದಾಹರಣೆಯೇ ಇದು.

ಆ ಹಾಳೆ ಬಂದ ಮೇಲೆ ಅಮ್ಮ ಹಾಡು ನಿಲ್ಲಿಸಲಿಲ್ಲ. ಹೆಮ್ಮಾಡಿಯ ಭಜನೆಯಲ್ಲಿ ಶನಿವಾರ ಶನಿವಾರ ಹಾಡಿದಳು. ಸಂಜೆ ಹೊಲಿಗೆ ಯಂತ್ರಕ್ಕೆ ಬಟ್ಟೆ ಮುಚ್ಚಿ ಊರಿನ ಹೆಣ್ಣುಮಕ್ಕಳಿಗೆ ಸಂಗೀತದ ಮೊದಲ ಪಾಠ, ಸರಳೆ, ಹೇಳಿಕೊಟ್ಟಳು. ಎಂತಕ್ ಎಂದು ಕೇಳಿದವರ ಮನೆಯ ಮಕ್ಕಳೂ ಬಂದರೆಂದು ನನ್ನ ಊಹೆ. ಪಾಠ ತಪ್ಪಿ ಅಳುವ ಮಕ್ಕಳನ್ನು ಫ್ರೇಮಿನ ಮುಂದೆ ನಿಲ್ಲಿಸಿ ಆ ಎರಡು ಸಾಲು ಓದಿಸುತ್ತಿದ್ದಳು. ನನಗೂ ಓದಿಸಿದ್ದಳು, ನನಗೆ ಅಕ್ಷರ ಬಂತು, ಸ್ವರ ಬರಲಿಲ್ಲ. ಅಮ್ಮ ಹೋಗಿ ಮೂರು ವರ್ಷವಾಯಿತು. ಅವಳ ದನಿ ಈಗ ಎಲ್ಲಿಯೂ ಇಲ್ಲ. ಒಂದು ಕ್ಯಾಸೆಟ್ಟಿತ್ತು, ಭಜನೆಯ ದಿನ ಯಾರೋ ಮುದ್ರಿಸಿಕೊಂಡು ಬಂದು ಕೊಟ್ಟದ್ದು. ಕಾಲೇಜಿನಲ್ಲಿದ್ದಾಗ ನಾನು ಅದರ ಮೇಲೆ ನನ್ನದೊಂದು ಭಾಷಣ ಮುದ್ರಿಸಿಕೊಂಡೆ, ಸ್ಪರ್ಧೆಯ ಅಭ್ಯಾಸಕ್ಕೆ. ಭಾಷಣದ ವಿಷಯ, ನಮ್ಮ ಪರಂಪರೆಯನ್ನು ಉಳಿಸಿಕೊಳ್ಳುವ ಬಗೆ. ಎರಡನೇ ಬಹುಮಾನ ಬಂತು. ಈಗ ಆ ಕ್ಯಾಸೆಟ್ಟು ಹಾಕಿದರೆ ನನ್ನ ಕೀರಲು ದನಿ ಮುಗಿದ ಮೇಲೆ ಮೂರು ನಾಲ್ಕು ಸೆಕೆಂಡು ಹಾರ್ಮೋನಿಯಂ ಕೇಳಿಸುತ್ತದೆ, ಯಾರೋ ಕೆಮ್ಮುತ್ತಾರೆ. ಕೆಮ್ಮಿದವಳು ಅಮ್ಮನಿರಬಹುದೆಂದು ಎಷ್ಟು ಸಲ ಕೇಳಿದ್ದೇನೆ. ಕೆಮ್ಮನ್ನು ಗುರುತಿಸುವ ಸೂತ್ರ ನನ್ನಲ್ಲಿಲ್ಲ.

ಈಗ ಒಂದು ತಪ್ಪು ಹೇಳಬೇಕು. ಎರಡು ವರ್ಷದ ಹಿಂದೆ ಬ್ರಹ್ಮಾವರದಿಂದ ವಸಂತಿ ಎಂಬವರು ನನ್ನನ್ನು ಹುಡುಕಿಕೊಂಡು ಬಂದಿದ್ದರು. ನನಗಿಂತ ಹದಿನೈದು ವರ್ಷ ದೊಡ್ಡವರು. ಕಾಲೇಜಿಗೆ ಹೋಗುವಾಗ ಅದೇ ವಿದ್ವಾನರ ಅದೇ ಕಚೇರಿಗೆ ಹೋಗಿ ಹಾಕಿಸಿಕೊಂಡ ಸಹಿ ಅವರಲ್ಲಿತ್ತು. ನಾನು ಅದನ್ನು ನಮ್ಮ ಗೋಡೆಯ ಫ್ರೇಮಿನ ಪಕ್ಕದಲ್ಲಿ ಹಿಡಿದು ನೋಡಿದೆ. ನಮ್ಮದು ಓಡುತ್ತಿತ್ತು, ಅವರದ್ದು ಕುಂಟುತ್ತಿತ್ತು. ನಮ್ಮದರಲ್ಲಿ ಒಂದೇ ಉಸಿರಿನ ತಿರುವು, ಅವರದ್ದರಲ್ಲಿ ನಡುವೆ ಎರಡು ಕಡೆ ಪೆನ್ನು ಎತ್ತಿದ ಗುರುತು. ಕನ್ನಡಕ ಮೂಗಿನ ತುದಿಗೆ ಜಾರಿಸಿಕೊಂಡು, ಬಹುಶಃ ವಿದ್ವಾನರ ಶಿಷ್ಯರು ಯಾರೋ ಹಾಕಿಕೊಟ್ಟಿರಬೇಕು ಎಂದು ಆದಷ್ಟು ನಯವಾಗಿ ಹೇಳಿದೆ. ಅವರು ವಾದ ಮಾಡಲಿಲ್ಲ. ನಾನು ಎದುರಿಗೇ ನಿಂತಿದ್ದೆನಲ್ಲ ಎಂದಷ್ಟೇ ಹೇಳಿ, ಪುಸ್ತಕವನ್ನು ಸೆರಗಿನಲ್ಲಿ ಒರೆಸಿ ಚೀಲಕ್ಕೆ ಹಾಕಿಕೊಂಡರು. ಕಣ್ಣಾರೆ ಕಂಡವರ ಸಾಕ್ಷಿ ಎಂದು ನಾನು ಮನಸ್ಸಿನಲ್ಲಿಯೇ ನಕ್ಕಿದ್ದೆ. ಆ ದಿನದ ದಿನಚರಿಯಲ್ಲಿ ‘ಇನ್ನೊಂದು ಸಿಕ್ಕಿತು’ ಎಂದು ಬರೆದಿದ್ದೇನೆ, ಅಡಿಗೆರೆ ಸಮೇತ.

ಹೀಗಿರುವಾಗ ಹೋದ ತಿಂಗಳು ಐತಾಳರ ಫೋನು ಬಂತು. ವಿದ್ವಾನರ ನೆನಪಿಗೆ ಸಾಲಿಗ್ರಾಮದಲ್ಲಿ ಒಂದು ದಿನದ ಸಂಗೀತ, ಜೊತೆಗೆ ಅವರು ಈ ಕಡೆ ಬಂದುಹೋದ ಗುರುತುಗಳ ಸಣ್ಣ ಪ್ರದರ್ಶನ. ಫೋಟೋ ಸಿಕ್ಕಿದೆ, ಕರಪತ್ರ ಸಿಕ್ಕಿದೆ, ನಡುವೆ ಇಡಲು ಒಂದು ಘನವಾದದ್ದು ಬೇಕು.

“ಟೀಚ್ರೆ, ನಿಮ್ಮನಿ ಗೋಡಿ ಮೇಲೆ ಇತ್ತಲ್ದಾ, ಅದ್ ಒಂದ್ ಕೊಡಿ. ಫ್ರೇಮ್ ಬೇಡ, ಹಾಳಿ ಮಾತ್ರ ಸಾಕ್, ನಾವ್ ಗಾಜಿನ ಪೆಟ್ಟಿಗಿ ಒಳಗ್ ಇಡ್ತ್. ಮತ್ ನಿಮ್ಮ ಕೈಯಾರೆ ಒಂದ್ ಮಾತ್ ಬರ್ದ್ ಕೊಡಿ, ಇದ್ ಅವ್ರದೇ ಸಹಿ ಅಂದೇಳಿ. ನೀವ್ ಹೇಳಿರೆ ಮುಗೀತ್, ಮತ್ಯಾರೂ ಬಾಯಿ ಬಿಡುದಿಲ್ಲೆ.”

ಅಮ್ಮನ ಹೆಸರೂ ಕೆಳಗೆ ಬರುತ್ತದೆ ಎಂದರು. ದನಿ ಉಳಿಯದಿದ್ದರೇನಂತೆ, ಅವಳು ಹಾಡುತ್ತಿದ್ದಳು ಎಂಬುದಕ್ಕೆ ಸಾಕ್ಷಿಯಾಗಿ ಆ ಹಾಳೆಯಾದರೂ ನಾಲ್ಕು ಜನರ ಮುಂದೆ ನಿಲ್ಲುತ್ತದಲ್ಲ. ಭಾನುವಾರ ಬೆಳಿಗ್ಗೆ ಫ್ರೇಮು ಇಳಿಸಿ, ಹಿಂದಿನ ಸಣ್ಣ ಮೊಳೆಗಳನ್ನು ಚಾಕುವಿನಿಂದ ಎಬ್ಬಿಸಿದೆ. ಗಾಜು ಬಂತು, ಕಪ್ಪು ಅಂಚು ಬಂತು, ಹಾಳೆ ಕೈಗೆ ಬಂತು. ಸಹಿಯ ಕೆಳಗೆ, ಇಷ್ಟು ವರ್ಷ ಕಪ್ಪು ಕಾಗದ ಮುಚ್ಚಿದ್ದ ಜಾಗದಲ್ಲಿ, ಒಂದು ಗೀಟು ಇತ್ತು. ಎರಡು ತುದಿಗಳಲ್ಲಿ ಸಪೂರ, ನಡುವೆ ದಪ್ಪ, ಬಲತುದಿಯಲ್ಲಿ ಒಂದು ಸಣ್ಣ ಅಲೆಯಂತೆ ಮೇಲೆದ್ದು ಹಿಂದಕ್ಕೆ ಬಾಗಿದ್ದು.

ಅಂಥ ಗೀಟನ್ನು ವಿದ್ವಾನರ ಯಾವ ಸಹಿಯಲ್ಲಿಯೂ ನಾನು ಕಂಡಿರಲಿಲ್ಲ. ಆದರೆ ಆ ಗೀಟು ನನಗೆ ಚೆನ್ನಾಗಿ ಗೊತ್ತಿತ್ತು. ಬೇಸಿಗೆ ರಜೆಯಲ್ಲಿ ಉಪ್ಪುಂದಕ್ಕೆ ಹೋದಾಗಲೆಲ್ಲ ಅದರ ಮೇಲೆ ಬೆರಳಾಡಿಸಿದ್ದೇನೆ. ಶೀನ ಮಾವ ದೋಣಿಗಳಿಗೆ ಹೆಸರು ಬರೆಯುವವನು. ಉಪ್ಪುಂದದಿಂದ ಆಚೀಚೆ ಕರಾವಳಿಯುದ್ದಕ್ಕೂ ಅವನು ಬರೆದ ದೋಣಿಗಳಿದ್ದವು. ಬರೆದದ್ದು ಯಾವುದೇ ಹೆಸರಾಗಲಿ, ಕೊನೆಗೆ ಅದರ ಕೆಳಗೆ ಒಂದೇ ಎಳೆತಕ್ಕೆ ಆ ಗೀಟು ಎಳೆಯುತ್ತಿದ್ದ. ಹೆಸರಿನ ಅಡಿಗೆ ನೀರಿರಬೇಕು, ನೀರಿಲ್ಲದ ಹೆಸರು ದಂಡೆಯ ಹೊಯಿಗೆಯ ಮೇಲೆ ಕೂತ ದೋಣಿಯ ಹಾಗೆ ಎಂಬುದು ಅವನ ಶಾಸ್ತ್ರ. ಬೇರೆ ಯಾರೂ ಹಾಗೆ ಎಳೆಯುತ್ತಿರಲಿಲ್ಲ. ದೂರದಿಂದ ನೋಡಿ, ಇದು ಶೀನ ಬರೆದ ದೋಣಿ ಎನ್ನುತ್ತಿದ್ದರು.

ನನ್ನ ಸೂತ್ರಗಳು ಅಲ್ಲಿಯೇ ಸಾಲಾಗಿ ನಿಂತು ತಲೆ ತಗ್ಗಿಸಿದವು. ಹೆದರಿದ ಕೈ ನಿಂತು ನಿಂತು ಬರೆಯುತ್ತದೆ ಎಂದಿದ್ದೆ. ತೇಲುವ ದೋಣಿಯ ಪಕ್ಕದಲ್ಲಿ ಸೊಂಟದವರೆಗಿನ ನೀರಿನಲ್ಲಿ ನಿಂತು ಅಕ್ಷರ ಬರೆದ ಕೈಗೆ ಹೆದರಿಕೆ ಎಲ್ಲಿಯದು? ಅದು ವಿದ್ವಾನರಿಗಿಂತಲೂ ಸರಾಗವಾಗಿ ಓಡಿತ್ತು. ನನ್ನ ಪರೀಕ್ಷೆಗಳಲ್ಲೆಲ್ಲ ನೂರಕ್ಕೆ ನೂರು ಪಡೆದ ಸುಳ್ಳು ಸಹಿ ನನ್ನ ಮನೆಯ ಗೋಡೆಯ ಮೇಲೆ, ನಾನು ದಿನಾ ಜಡೆ ಹಾಕಿಕೊಳ್ಳುವ ಕನ್ನಡಿಯಿಂದ ಮೂರಡಿ ದೂರದಲ್ಲಿ ತೂಗುತ್ತಿತ್ತು. ಅದನ್ನೇ ಮಾದರಿಯಾಗಿ ಇಟ್ಟುಕೊಂಡು ನಾನು ಅಸಲಿಯನ್ನು ನಕಲಿ ಎಂದು ಕಳಿಸಿದ್ದೆ.

ಅದೇ ಮಧ್ಯಾಹ್ನ ಹಾಳೆಯನ್ನು ಪುಸ್ತಕದ ನಡುವೆ ಇಟ್ಟುಕೊಂಡು ಉಪ್ಪುಂದಕ್ಕೆಂದು ಬೈಂದೂರಿನ ಬಸ್ಸು ಹತ್ತಿದೆ. ಮಾವನಿಗೆ ಈಗ ಎಪ್ಪತ್ತು ದಾಟಿದೆ. ದೋಣಿಗೆ ಹೆಸರು ಬರೆಯುವ ಕೆಲಸ ಈಗ ಇಲ್ಲ. ಕುಂದಾಪುರದಲ್ಲಿ ಕಂಪ್ಯೂಟರಿನಲ್ಲಿ ಕತ್ತರಿಸಿದ ಸ್ಟಿಕ್ಕರು ಸಿಗುತ್ತದೆ, ಅಂಟಿಸಿದರಾಯಿತು. ಕಡಲ ಬದಿಯಲ್ಲಿ ಕವುಚಿ ಹಾಕಿದ ಹಳೆಯ ದೋಣಿಯ ನೆರಳಿನಲ್ಲಿ ಅವನು ಬೀಡಿ ಹಿಡಿದು ಕೂತಿದ್ದ. ದೋಣಿಯ ಮೇಲಿನ ಹೆಸರು ಮುಕ್ಕಾಲು ಅಳಿಸಿ ಹೋಗಿತ್ತು. ಅಡಿಯ ನೀರು ಹಾಗೆಯೇ ಇತ್ತು.

“ಎಂತ ಹೆಣೆ, ಫೋನ್ ಸಹ ಮಾಡ್ದೆ ಬಂದದ್ದ್? ಕೂಕೋ.”

ಕೂತೆ. ಹಾಳೆ ತೆಗೆದು ಅವನ ತೊಡೆಯ ಮೇಲೆ ಇಟ್ಟೆ. ಅವನು ಬೀಡಿಯನ್ನು ಹೊಯಿಗೆಗೆ ಒತ್ತಿ ಆರಿಸಿ, ಕೈಯನ್ನು ಲುಂಗಿಗೆ ಒರೆಸಿಕೊಂಡು, ಹಾಳೆಯನ್ನು ಬೆಳಕಿಗೆ ಹಿಡಿದ. ಬಹಳ ಹೊತ್ತು ನೋಡಿದ. ಕೊನೆಗೆ ಗೀಟಿನ ಮೇಲೆ ಹೆಬ್ಬೆರಳಿಟ್ಟ.

“ಇದೊಂದ್ ಎಳೂಕಾಗ ಅಂದೇಳಿ ಮನ್ಸಲ್ ಇದ್ದಿತ್ತ್. ಕೈ ಕೇಂಡಿಲ್ಲೆ ಮಗಾ.”

ಎಳೆಯಬಾರದೆಂದುಕೊಂಡರೂ ಕೈ ಎಳೆದುಬಿಟ್ಟ ಆ ಗೀಟಿನ ಬಗ್ಗೆ ಆಮೇಲೆ ಅವನು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಕಚೇರಿ ಮುಗಿಯುವವರೆಗೆ ಅವನು ಒಂದು ಕಂಬಕ್ಕೆ ಒರಗಿ ನಿಂತಿದ್ದ. ಸಂಗೀತ ಅವನಿಗೆ ತಿಳಿಯುವುದಿಲ್ಲ; ಜನ ತಲೆಯಾಡಿಸಿದಾಗ ಆಡಿಸಿದ. ಮುಗಿದ ಮೇಲೆ ಸಾಲಿನಲ್ಲಿ ನಿಂತ. ಅವನ ಮುಂದೆ ಇಬ್ಬರು ಮೂವರು ಇರುವಾಗ ಯಾರೋ ಬಂದು, ದೂರ ಹೋಗಬೇಕು, ಹೊತ್ತಾಯಿತು ಎಂದು ವಿದ್ವಾನರನ್ನು ಎಬ್ಬಿಸಿದರು. ಮಾವ ಕಾರಿನವರೆಗೂ ಹಿಂದೆ ಓಡಿದ. ಅಕ್ಕ ಹಾಡುತ್ತಾಳೆ, ಒಂದು ಸಹಿ ಎಂದು ಹೇಳಿದನಂತೆ. ಅವರು ಕೈಮುಗಿದು, ಇನ್ನೊಂದು ಸಲ ಬಂದಾಗ ಎಂದು ನಕ್ಕರಂತೆ. ಕಾರು ಹೋಯಿತು. ಬಸ್ ಸ್ಟಾಪಿನಲ್ಲಿ ಕಾಲೇಜು ಹುಡುಗಿಯರ ಗುಂಪೊಂದು ತಮ್ಮ ಪುಸ್ತಕಗಳನ್ನು ಬಿಡಿಸಿಕೊಂಡು ನೋಡುತ್ತಿತ್ತು. ತಂಗಿ ಒಂಚೂರು ತೋರಿಸು ಎಂದು ಒಬ್ಬಳ ಪುಸ್ತಕವನ್ನು ಕಣ್ಣು ತುಂಬ ನೋಡಿದ. ಅಕ್ಷರ ಒಂದು ಸಲ ಕಣ್ಣಿಗೆ ಬಿದ್ದರೆ ಅವನ ಕೈಗೆ ಇಳಿಯುತ್ತಿದ್ದ ಕಾಲ ಅದು. ಬಸ್ಸು ಬರುವವರೆಗೆ ಪುರುಸೊತ್ತೂ ಇತ್ತು.

ಮೇಲಿನ ಎರಡು ಸಾಲು ಯಾರ ಪುಸ್ತಕದಲ್ಲಿತ್ತು ಎಂದು ಕೇಳಿದೆ. ಯಾರ ಪುಸ್ತಕದಲ್ಲಿಯೂ ಇರಲಿಲ್ಲವಂತೆ.

“ಬರೀ ಸಹಿ ಕೊಟ್ರೆ ಅಕ್ಕ ಮಡ್ಚಿ ಪೆಟ್ಟಿಗಿಗ್ ಹಾಕ್ತಿತ್ತ್. ಹಾಡುದ್ ಬಿಡ್ತಿತ್ತ್. ಒಂದ್ ಮಾತ್ ಯಾರಾರೂ ಹೇಳ್ಕಲ, ದೊಡ್ಡವ್ರ್. ನಾನ್ ಹೇಳಿರೆ ಯಾರ್ ಕೇಂತ್ರ್?”

ಮಾತಿಗೊಂದು ದಾರಿ ಇರಲಿ ಎಂದು, ನಾನು ನಿನ್ನ ಹೆಗಲ ಮೇಲಿದ್ದೆನಲ್ಲ ಮಾವ, ನನಗೆ ಹಾರ ನೆನಪಿದೆ, ಕೆಂಪು ಹರಳಿನ ಉಂಗುರ ನೆನಪಿದೆ, ಅವರು ಬರೆದದ್ದನ್ನು ನಾನೇ ನೋಡಿದ್ದೇನಲ್ಲ ಎಂದೆ. ಮಾವ ನನ್ನ ಮುಖವನ್ನು ವಿಚಿತ್ರವಾಗಿ ನೋಡಿದ.

“ನೀನ್ ಎಲ್ಲ್ ಬಂದಿದ್ದೆ? ನಿಂಗ್ ಆ ದಿನ ಜರ, ಮೈ ಕೆಂಡ. ಅಕ್ಕನೇ ಹೋಪುದ್ ಅಂದೇಳಿ ಸೀರಿ ಎಲ್ಲ ಉಟ್ಟಿತ್ತ್. ನಿನ್ನ್ ಬಿಟ್ಟಿಕ್ ಬಪ್ಕಾತಿಲ್ಲೆ ಅಂದೇಳಿ ಪುಸ್ತ್ಕ ನನ್ ಕೈಗ್ ಕೊಟ್ಟದ್.”

ಕಡಲು ತನ್ನ ಪಾಡಿಗೆ ಬಂದು ಹೋಗುತ್ತಿತ್ತು. ಹೆಗಲು, ಹಾರ, ಉಂಗುರ, ಹುಬ್ಬು ಹಾರಿಸಿದ್ದು, ಒಂದೂ ಇರಲಿಲ್ಲ. ನಾನು ಹೆಮ್ಮಾಡಿಯಲ್ಲಿ ಕಂಬಳಿ ಹೊದ್ದು ಮಲಗಿದ್ದೆ; ಪಕ್ಕದಲ್ಲಿ ಒಳ್ಳೆಯ ಸೀರೆ ಉಟ್ಟ ಅಮ್ಮ ನನ್ನ ಹಣೆಗೆ ಒದ್ದೆ ಬಟ್ಟೆ ಇಡುತ್ತಿದ್ದಳು. ಅವಳು ಜೀವಮಾನದಲ್ಲಿ ಹೋಗಬಹುದಾಗಿದ್ದ ಒಂದೇ ಒಂದು ದೊಡ್ಡ ಕಚೇರಿ ನನ್ನಿಂದ ತಪ್ಪಿತು. ಅದನ್ನು ಅವಳು ಒಂದು ಸಲವೂ ನನಗೆ ಹೇಳಲಿಲ್ಲ. ನಾನು ಹೆಗಲಿನ ಕತೆಯನ್ನು ಮನೆಗೆ ಬಂದ ಮಕ್ಕಳಿಗೆ ಹೇಳುವಾಗ ಒಳಗೆ ಹೊಲಿಗೆ ಯಂತ್ರ ಸ್ವಲ್ಪ ನಿಧಾನವಾಗುತ್ತಿತ್ತೇ? ಆಗುತ್ತಿತ್ತೆಂದು ಈಗ ನೆನಪಾಗುತ್ತದೆ. ಈಗ ನೆನಪಾಗುವುದನ್ನು ನಾನು ನಂಬುವುದಿಲ್ಲ.

ವಾಪಸು ಬಂದು ಮಾಡಬೇಕಾದ ಎರಡು ಕೆಲಸ ಮಾಡಿದೆ. ಬ್ರಹ್ಮಾವರಕ್ಕೆ ಹೋಗಿ ವಸಂತಿಯವರ ಎದುರು ನನ್ನ ತಪ್ಪು ಒಪ್ಪಿಕೊಂಡೆ. ಅವರು ಕಾಫಿ ಕೊಟ್ಟರು. ನೀವು ಸುಳ್ಳು ಅಂದ ದಿನ ಅದನ್ನು ಹರಿದು ಹಾಕಲು ತೆಗೆದಿದ್ದೆ, ಮನಸ್ಸಾಗಲಿಲ್ಲ ಎಂದರು. ಬಸ್ ಸ್ಟಾಪಿನಲ್ಲಿ ಪುಸ್ತಕ ತೋರಿಸು ಎಂದು ಕೇಳಿದ ಒಬ್ಬ ಯುವಕನ ನೆನಪಿದೆಯೇ ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ. ಕೇಳಿದರೆ ಅವರಿಗೆ ನೆನಪಾಗಿಬಿಡುತ್ತದೆ, ಇದ್ದರೂ ಇಲ್ಲದಿದ್ದರೂ. ಆಮೇಲೆ ಐತಾಳರಿಗೆ ಫೋನು ಮಾಡಿ, ನಮ್ಮ ಹಾಳೆ ವಿದ್ವಾನರದ್ದಲ್ಲ, ಬ್ರಹ್ಮಾವರದಲ್ಲಿ ಅಸಲಿ ಇದೆ, ಅದಕ್ಕೆ ಬರೆದು ಕೊಡುತ್ತೇನೆ ಎಂದೆ. “ಯಾರಿಗ್ ಗೊತ್ತಾತ್ತ್ ಟೀಚ್ರೆ? ಓದುಕ್ ನಿಮ್ದೇ ಲಾಯ್ಕ್ ಇತ್ತ್” ಎಂದರು. ನಾನೂ ಒಂದು ಕ್ಷಣ ಯೋಚಿಸಿದೆ ಎಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಹನ್ನೊಂದು ಅಂಕದ ಹುಡುಗಿಯನ್ನು ಇಡೀ ಪೀರಿಯಡ್ಡು ನಿಲ್ಲಿಸಿದ್ದು ನೆನಪಾಯಿತು. ಅದು ದಿನಚರಿಯಲ್ಲೂ ಇದೆ, ಆದ್ದರಿಂದ ನಿಜವಿರಬೇಕು.

ನಿನ್ನೆ ಹಾಳೆಯನ್ನು ಮತ್ತೆ ಫ್ರೇಮಿಗೆ ಸೇರಿಸಲು ಕೂತೆ. ಗಾಜು ಒರೆಸಿ, ಕಪ್ಪು ಅಂಚನ್ನು ಕೈಗೆತ್ತಿಕೊಂಡೆ. ಇದು ಅಂಗಡಿಯವರು ಕತ್ತರಿಸಿದ್ದಲ್ಲ. ಅಮ್ಮನ ಹೊಲಿಗೆ ಕತ್ತರಿಯ ನೇರ ಕಟ್ಟು ನನಗೆ ಗೊತ್ತು. ಮೇಲೆ, ಎಡಕ್ಕೆ, ಬಲಕ್ಕೆ ಒಂದೇ ಅಗಲ, ಬೆರಳಿನಷ್ಟು. ಕೆಳಗೆ ಮಾತ್ರ ಎರಡು ಬೆರಳು. ಹಾಳೆಯ ಮೇಲೆ ಇಟ್ಟು ನೋಡಿದೆ. ಸಹಿಯ ಕೊನೆಯ ಬಾಲ ಕಾಣುವಷ್ಟು ಬಿಟ್ಟು, ಅಡಿಯ ನೀರು ಮುಚ್ಚುವಷ್ಟು. ಒಂದು ನೂಲು ಹೆಚ್ಚಿಲ್ಲ, ಒಂದು ನೂಲು ಕಡಿಮೆಯಿಲ್ಲ. ಮಾವ ಹನ್ನೆರಡನೇ ವಯಸ್ಸಿಗೆ ದೋಣಿ ಬರೆಯಲು ಶುರುಮಾಡಿದಾಗ ಬಣ್ಣದ ಡಬ್ಬಿ ಹಿಡಿದು ನೀರಿನಲ್ಲಿ ನಿಲ್ಲುತ್ತಿದ್ದವಳು ಅವನಕ್ಕ. ಇದು ಅಮ್ಮನೇ ಹೇಳಿದ್ದು, ಒಂದಲ್ಲ, ಹತ್ತಾರು ಸಲ. ಊರಿನವರೆಲ್ಲ ದೂರದಿಂದ ಗುರುತಿಸುತ್ತಿದ್ದ ಗೀಟನ್ನು ಅವಳು ಅಂಗೈಯಲ್ಲಿ ಹಿಡಿದು ನೋಡಿದ್ದಾಳೆ.

ಕೂಡಲೇ ಮಾವನಿಗೆ ಫೋನು ಮಾಡಿದೆ. ಅವನ ಹಿಂದೆ ಕಡಲು ಕೇಳಿಸುತ್ತಿತ್ತು. ಕೆಳಗಿನ ಅಂಚು ಮಾತ್ರ ಎರಡು ಬೆರಳು ಇರುವುದನ್ನು ಹೇಳಿದೆ. ಅವನು ಹ್ಞೂಂ ಎಂದ. ಅಮ್ಮ ಕೊನೆಯವರೆಗೂ ಹಾಡಿದ್ದು ಯಾರ ಮಾತಿಗೆ ಎಂದು ಮನಸ್ಸಿನಲ್ಲಿ ಸುತ್ತುತ್ತಿತ್ತು, ಬಾಯಿಗೆ ಬಂದದ್ದು ಸಣ್ಣ ಪ್ರಶ್ನೆ. ಅವನು, ಈ ಸಲ ಬಂಗುಡೆ ಲಾ‌ಯ್ಕಿದೆ, ಬೈಂದೂರಿನ ಬಸ್ಸಿನಲ್ಲಿ ಕಳಿಸುತ್ತೇನೆ, ಸ್ಟಾಪಿಗೆ ಬಂದು ತೆಗೆದುಕೋ ಎಂದು ಫೋನಿಟ್ಟ. ಬಂಗುಡೆ ಇವತ್ತು ಬೆಳಿಗ್ಗೆ ಬಂತು. ಊರವರ ಕೈಬರಹದ ಒಳಗನ್ನೆಲ್ಲ ಓದುವ ನಾನು ಮೀನಿನ ಪೊಟ್ಟಣವನ್ನೂ ಅದರ ದಾರವನ್ನೂ ತಿರುಗಿಸಿ ತಿರುಗಿಸಿ ನೋಡಿದೆ. ಉತ್ತರ ಅದರಲ್ಲಿ ಇರಲಿಲ್ಲ. ನಾನು ಕೇಳಿದ್ದು ಇಷ್ಟೇ:

“ಮಾವ, ಅಮ್ಮಂಗ್ ಗೊತ್ತಿತ್ತಾ?”